ಕೆನ್ನೆಯೊಳಗೊಂದು ಹಲಸಿನ ಬೇಳೆ

ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ಕಾಗದದ ಪೊಟ್ಟಣ ಇರುತ್ತದೆ. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಇರುವ ನನ್ನ ಫೋಟೋ ಸ್ಟುಡಿಯೋಗೆ ಬಂದು ಹೋಗುವವರೆಲ್ಲ ಅದನ್ನು ನೋಡಿದ್ದಾರೆ. ಕೆಲವರು ನಶ್ಯ ಇರಬೇಕೆಂದು ಮೂಗು ಮುರಿದರು, ಕೆಲವರು ಶೃಂಗೇರಿಯ ಪ್ರಸಾದ ಇರಬೇಕೆಂದು ಕೈ ಮುಗಿದರು. ನಾನು ಯಾರ ನಂಬಿಕೆಯನ್ನೂ ಕೆಡಿಸಲು ಹೋಗಲಿಲ್ಲ. ನಿಮ್ಮೆದುರು ಮಾತ್ರ ಹೇಳುತ್ತೇನೆ, ಅದರಲ್ಲಿರುವುದು ಸುಟ್ಟ ಹಲಸಿನ ಬೇಳೆ.

ಇದಕ್ಕೆಲ್ಲ ಕಾರಣ ನನ್ನ ರಕ್ತ. ನಮ್ಮ ತಂದೆಯ ಕಡೆಯಲ್ಲಿ ಜಮೀನು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಆದರೆ ಸಕ್ಕರೆ ಕಾಯಿಲೆ ಮಾತ್ರ ತಕರಾರಿಲ್ಲದೆ ಎಲ್ಲರಿಗೂ ಪಾಲಾಗಿ ಹೋಗಿತ್ತು. ನಲವತ್ತೈದು ದಾಟುತ್ತಿದ್ದಂತೆ ನನ್ನ ಪಾಲೂ ಕೈಗೆ ಬಂತು. ಡಾಕ್ಟರು ಕರಿದದ್ದು ಬಿಡಿ, ಬೇಕರಿಯದ್ದು ಬಿಡಿ, ನಡುವೆ ಹಸಿವಾದರೆ ಮನೆಯದ್ದೋ ತೋಟದ್ದೋ ಏನಾದರೂ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ ಎಂದರು. ನನ್ನ ಸ್ಟುಡಿಯೋದ ಗೋಡೆಗೆ ತಾಗಿಕೊಂಡೇ ಒಂದು ಬೇಕರಿ ಇದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಸಂಜೆ ಅಲ್ಲಿ ಖಾರಾ ಬನ್ನಿನ ತಟ್ಟೆ ಹೊರಗೆ ಬಂತೆಂದರೆ, ಇಲ್ಲಿ ಮದುಮಕ್ಕಳನ್ನು ಕೂರಿಸಿ "ಸ್ವಲ್ಪ ನಗಿ" ಎನ್ನುತ್ತಿದ್ದ ನನ್ನ ಮುಖವೇ ಅಳುವ ಹಾಗಾಗುತ್ತಿತ್ತು.

ತೋಟದ್ದು, ಮನೆಯದ್ದು ಎಂಬುದು ಕೇಳುವುದಕ್ಕೆ ಸುಲಭ. ಜೇಬಿನಲ್ಲಿ ಇಟ್ಟುಕೊಂಡು ತಿರುಗಿದವನಿಗೆ ಅದರ ಕಷ್ಟ ಗೊತ್ತು. ಮೊದಲು ಬೇಯಿಸಿದ ಗೆಣಸು ತಂದೆ. ಕ್ಯಾಮರಾ ಮೇಲೆ ಬಗ್ಗಿದಾಗ ಅದು ಅಂಗಿಯೊಂದಿಗೆ ಒಂದಾಗಿ ಹೋಯಿತು. ಆಮೇಲೆ ನೆಲ್ಲಿಕಾಯಿ. ನೆಲ್ಲಿಕಾಯಿಗೆ ಜೇಬಿನಲ್ಲಿ ಕೂರುವ ಗುಣವಿಲ್ಲ. ಒಮ್ಮೆ ಒಂದು ಕುಟುಂಬದ ಗುಂಪು ಫೋಟೋ ತೆಗೆಯುವಾಗ ಅದು ಉರುಳಿ ಹೋಗಿ ಅವರ ಅಜ್ಜಿಯ ಪಾದದ ಹತ್ತಿರ ನಿಂತಿತು. ಫೋಟೋದಲ್ಲಿ ಈಗಲೂ ಇದೆ. ಅವರು ಅದನ್ನು ನಿಂಬೆಹಣ್ಣು ಎಂದು ತಿಳಿದು, ಯಾರೋ ಮಾಟ ಮಾಡಿಸಿದ್ದಾರೆಂದು ಒಂದು ವಾರ ನಿದ್ದೆಗೆಟ್ಟರಂತೆ. ಮುಳ್ಳುಸೌತೆಯ ಕಥೆಯನ್ನು ಹೇಳುವುದಿಲ್ಲ. ಕೊನೆಗೆ ಜೇಬಿನ ಮರ್ಯಾದೆ ಉಳಿಸಿದ್ದು ಹಲಸಿನ ಬೇಳೆಯೇ. ನನ್ನ ಹೆಂಡತಿ ಅದನ್ನು ಉಪ್ಪುನೀರಿನಲ್ಲಿ ಅದ್ದಿ, ಒಲೆಯ ಬೂದಿಕೆಂಡದಲ್ಲಿ ಸುಟ್ಟು, ಬೆಳಿಗ್ಗೆ ಹೊರಡುವಾಗ ಕಟ್ಟಿಕೊಡುತ್ತಾಳೆ. ನಾನು ಅದನ್ನು ತಿನ್ನುತ್ತಲೇ ಬಂದವರೆದುರೆಲ್ಲ ನನ್ನ ಹಣೆಬರಹ ತೋಡಿಕೊಳ್ಳುತ್ತೇನೆ. ಖಾರಾ ಬನ್ನಿನ ವಾಸನೆ ಕುಡಿದು ಬೇಳೆ ಅಗಿಯುವ ಮನುಷ್ಯನ ಬಗ್ಗೆ ಜನಕ್ಕೆ ಮರುಕ ಹುಟ್ಟುತ್ತದೆ. ಮರುಕದಲ್ಲಿ ಒಂದು ರುಚಿ ಇದೆ, ಅದಕ್ಕೆ ಯಾವ ಡಾಕ್ಟರೂ ಪಥ್ಯ ಹೇಳಿಲ್ಲ.

ಬೇಳೆ ನನಗೆ ಬರುವುದು ನೆಮ್ಮಾರಿನಿಂದ. ಅಲ್ಲಿ ಒಂದು ಮನೆಯ ಉಪನಯನಕ್ಕೆ ಫೋಟೋ ತೆಗೆಯಲು ಹೋದಾಗ, ಆ ಮನೆಯ ಅಜ್ಜಿಗೆ ನನ್ನ ಪಥ್ಯದ ವಿಷಯ ಕೇಳಿ ಮನಸ್ಸು ಕರಗಿತು. ಹಲಸಿನ ಕಾಲ ಮುಗಿಯುವಾಗ ಅವರು ಬೇಳೆಯನ್ನು ತೊಳೆದು, ಆರಿಸಿ, ಕೆಮ್ಮಣ್ಣು ಹಚ್ಚಿ, ಮಡಕೆಯಲ್ಲಿ ತುಂಬಿ, ಕೋಣೆಯ ಮೂಲೆಯ ನೆಲದಲ್ಲಿ ಕುತ್ತಿಗೆಯವರೆಗೆ ಹೂತಿಡುತ್ತಾರೆ. ಹಾಗಿಟ್ಟದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ಅಜ್ಜಿ ನನಗೇ ತೆಗೆದುಕೊಳ್ಳಲು ಹೇಳಿದರು. ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಮಡಕೆಯೊಳಗೆ ಕೈ ಇಳಿಸಿದರೆ, ಬೇಳೆಗಳು ತಣ್ಣಗೆ, ನುಣ್ಣಗೆ, ಯಾರದೋ ಬೆರಳ ತುದಿಗಳ ಹಾಗೆ ನನ್ನ ಬೆರಳಿಗೆ ತಾಗಿದವು. ಕೈ ಹಿಂದಕ್ಕೆ ಎಳೆದುಕೊಂಡೆ. ಅಜ್ಜಿ ನಗಲಿಲ್ಲ.

"ತಮ್ಮಾ, ಅದು ಮಣ್ಣಿಗೆ ಹೋಗಿ ವಾಪಸ್ ಬಂದ ವಸ್ತು," ಎಂದರು. "ಒಬ್ಬನೇ ಕೂತ್ಕಂಡು ತಿನ್ನಬೇಡ. ಒಂದನ್ನಾದ್ರೂ ಯಾರಿಗಾದ್ರೂ ಕೊಟ್ಟು ತಿನ್ನು."

"ಹತ್ತಿರ ಯಾರೂ ಇಲ್ದೇ ಇದ್ರೆ ಅಜ್ಜಿ?"

"ಯಾರೂ ಇಲ್ದೇ ಇರೋ ಜಾಗ ಎಲ್ಲಿದೆ ಮಾರಾಯ?"

ಹಾಗೆ ಹೇಳಿ ಅವರು ಮಡಕೆಯ ಬಾಯಿ ಮುಚ್ಚಿದರು. ನಾನು ಆ ಮಾತನ್ನು ಬಸ್ಸಿನಲ್ಲಿ ಯಾರಿಗೋ ಹೇಳಿ ನಕ್ಕೆ. ನಂತರ ನಗುವುದನ್ನು ಯಾಕೆ ನಿಲ್ಲಿಸಿದೆ ಎಂಬುದನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ.

ಅದಕ್ಕೆ ಮೊದಲು ತಿಂಡಿಗಳ ಸದ್ದಿನ ಬಗ್ಗೆ ಎರಡು ಮಾತು. ತಿಂಡಿಯನ್ನು ನಾಲಿಗೆ ತಿನ್ನುತ್ತದೆ ಎಂದು ನಾವು ತಿಳಿದಿದ್ದೇವೆ. ನನ್ನ ಅನುಭವದಲ್ಲಿ ಮೊದಲು ತಿನ್ನುವುದು ಕಿವಿ. ಚಕ್ಕುಲಿ ಕರಕರ ಎಂದು ಊರಿಗೆಲ್ಲ ಸಾರುತ್ತದೆ. ಅವಲಕ್ಕಿ ಗುಸುಗುಸು ಎನ್ನುತ್ತದೆ. ಹಪ್ಪಳ ಒಂದೇ ಸಲ ಜಗಳಕ್ಕೆ ಬಂದವರ ಹಾಗೆ ಸಿಡಿದು ಸುಮ್ಮನಾಗುತ್ತದೆ. ಲಾಡು ಮೂಕ. ಜಿಲೇಬಿ ತುಸು ಪಿಸುಗುಟ್ಟುತ್ತದೆ, ಅದೂ ಬಿಸಿ ಇದ್ದಾಗ. ಸುಟ್ಟ ಹಲಸಿನ ಬೇಳೆಯದ್ದು ಇದಾವುದೂ ಅಲ್ಲ. ಹಲ್ಲಿನ ನಡುವೆ ಇಟ್ಟು ಅದುಮಿದರೆ ಬಿಳಿ ಸಿಪ್ಪೆ ಒಡೆದು ಒಂದು ಟಕ್. ಅಷ್ಟೇ. ಆಮೇಲೆ ಬಹಳ ಹೊತ್ತು ಮೌನ, ಏಕೆಂದರೆ ಒಳಗಿನದ್ದು ಮೆತ್ತಗಾಗಲು ಹೊತ್ತು ಬೇಕು. ಆಮೇಲೆ ಮತ್ತೊಂದು ಟಕ್. ಬೇಳೆಯ ಇನ್ನೊಂದು ಸದ್ದಿನ ವಿಷಯ ಬೇಡ, ಅದು ಸಂಜೆಯ ಹೊತ್ತಿನದ್ದು, ಅದಕ್ಕೆ ಬೇಕರಿಯವರೇ ಸಾಕ್ಷಿ.

ಸ್ಟುಡಿಯೋದ ಹಿಂದೆ ನನ್ನದೊಂದು ಕತ್ತಲೆ ಕೋಣೆ ಇದೆ. ಡಿಜಿಟಲ್ ಬಂದ ಮೇಲೂ ನಾನು ರೀಲು ತೊಳೆಯುವುದನ್ನು ಪೂರ್ತಿ ಬಿಟ್ಟಿಲ್ಲ. ದೀಪ ಆರಿಸಿ ರೀಲನ್ನು ಡಬ್ಬಿಗೆ ಸುತ್ತುವಾಗ ನನ್ನ ಕೈ ನನಗೇ ಕಾಣುವುದಿಲ್ಲ. ಆ ಕತ್ತಲಲ್ಲಿ ಬೇಳೆ ಒಡೆದರೆ ಸದ್ದು ಬಾಯಿಯಿಂದ ಬಂದ ಹಾಗೆ ಇರುವುದಿಲ್ಲ, ಕೋಣೆಯ ಮೂಲೆಯಿಂದ ಬಂದ ಹಾಗಿರುತ್ತದೆ. ನೀರಿನ ತೊಟ್ಟಿಯ ಪ್ರತಿಧ್ವನಿ ಎಂದು ನಾನೇ ನನಗೆ ಹೇಳಿಕೊಂಡಿದ್ದೇನೆ. ಪ್ರತಿಧ್ವನಿಗೆ ಸ್ವಲ್ಪ ಅವಸರ ಇರಬೇಕು. ಇದು ಸಾವಕಾಶವಾಗಿ ಬರುತ್ತದೆ.

ಈ ಸದ್ದನ್ನು ನಾನು ಮೊದಲು ಕೇಳಿದ್ದು ನನ್ನ ಬಾಯಲ್ಲಿ ಅಲ್ಲ, ರುದ್ರಪ್ಪ ದೊಡ್ಡಪ್ಪನ ಬಾಯಲ್ಲಿ. ಮುತ್ತಿನಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದಲ್ಲೇ ಅವನ ಹೋಟೆಲು. ಮುಂದೆ ಗಾಜಿನ ಕಪಾಟು, ಅದರಲ್ಲಿ ಜಿಲೇಬಿ, ಲಾಡು, ಮೈಸೂರುಪಾಕು, ಖಾರಾಸೇವು. ಹಿಂದೆ ಅಡಿಗೆಮನೆ, ಅದರ ಪಕ್ಕ ಒಂದೇ ಬಾಗಿಲಿನ ಉಗ್ರಾಣ, ಆಚೆಗೆ ವಾಸದ ಮನೆ. ಶಿವಮೊಗ್ಗದ ಕಡೆ ಹೋಗುವವರೂ ನರಸಿಂಹರಾಜಪುರದ ಕಡೆ ಹೋಗುವವರೂ ಅವನ ಜಿಲೇಬಿ ತಿಂದೇ ಬಸ್ಸು ಹತ್ತುತ್ತಿದ್ದರು. ಅಂಥವನಿಗೆ ಸಕ್ಕರೆ ಕಾಯಿಲೆ. ಅಂದಿನಿಂದ ಗಿರಿಜಮ್ಮ ದೊಡ್ಡಮ್ಮ ಕಪಾಟಿನ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೊಡ್ಡಪ್ಪನ ಜೇಬಿಗೆ ಅವಳು ಸುಟ್ಟುಕೊಟ್ಟ ಹಲಸಿನ ಬೇಳೆ ಬಂತು.

ಅವನು ಅದನ್ನು ತಿನ್ನುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಟಕ್ ಎಂದು ಒಡೆದು, ಸಿಪ್ಪೆಯ ಒಂದು ಹೋಳನ್ನು ಇನ್ನೊಂದರೊಳಗೆ ಕೂರಿಸಿ, ಅದನ್ನು ಮತ್ತೊಂದರೊಳಗೆ ಕೂರಿಸಿ, ಗಲ್ಲಾದ ಮೇಜಿನ ಅಂಚಿನಲ್ಲಿ ಸಣ್ಣ ದೊನ್ನೆಗಳ ಸಾಲು ಮಾಡುತ್ತಿದ್ದ. ಮಾಡುತ್ತಲೇ ಗಿರಾಕಿಗಳಿಗೆ ಕೇಳುವ ಹಾಗೆ, ಅದಕ್ಕಿಂತ ಹೆಚ್ಚಾಗಿ ಅಡಿಗೆಮನೆಗೆ ಕೇಳುವ ಹಾಗೆ ಹೇಳುತ್ತಿದ್ದ.

"ಊರಿಗೆಲ್ಲ ಜಿಲೇಬಿ ತಿನ್ಸೋನು ನಾನು. ನಂಗೆ ಮಾತ್ರ ದನಕ್ಕೆ ಹಾಕೋ ಬೇಳೆ. ಎಂತ ಮಾಡದು ಮಾರಾಯ, ಕೈ ಹಿಡ್ದೋಳೇ ಬಾಯಿ ಹೊಲಿದ್ಳು."

"ಹಂಗಾದ್ರೆ ಬಿಟ್ಟುಬಿಡಿ ರುದ್ರಣ್ಣ," ಎಂದು ಯಾರಾದರೂ ಕೆಣಕಿದರೆ, "ಬಿಟ್ರೆ ಬದುಕ್ಸ್ತಾಳಾ? ನಾ ಸತ್ತ ಮೇಲಾದ್ರೂ ನನ್ನ ಎಡೆಗೆ ಒಂದು ಜಿಲೇಬಿ ಇಡ್ಸ್ರೋ," ಎನ್ನುತ್ತಿದ್ದ. ಜನ ನಗುತ್ತಿದ್ದರು. ಒಳಗೆ ಹಿಟ್ಟು ಕಲಸುತ್ತಿದ್ದ ದೊಡ್ಡಮ್ಮ ನಗುತ್ತಿದ್ದಳೋ ಇಲ್ಲವೋ, ಹೊರಗಿದ್ದ ನಮಗೆ ಕಾಣುತ್ತಿರಲಿಲ್ಲ.

ಒಮ್ಮೆ ಹೋಟೆಲಿನ ಲೈಸೆನ್ಸಿಗೆ ಫೋಟೋ ಬೇಕೆಂದು ಅವನು ಕೊಪ್ಪಕ್ಕೆ ನನ್ನ ಸ್ಟುಡಿಯೋಗೆ ಬಂದ. ತಲೆ ಬಾಚಿಸಿ, ಕಾಲರು ಸರಿಮಾಡಿ ಕೂರಿಸಿದೆ. ಕ್ಯಾಮರಾದಲ್ಲಿ ನೋಡಿದರೆ ಎಡಗೆನ್ನೆ ಉಬ್ಬಿದೆ.

"ಬಾಯಲ್ಲಿ ಎಂತ ದೊಡ್ಡಪ್ಪ? ಉಗಿದು ಬಾ."

"ಉಗಿಯದಾ? ಈಗಷ್ಟೇ ಮೆತ್ತಗಾಗ್ಯದೆ. ನೀ ತೆಗಿಯೋ ಲೋಕಿ, ಲೈಸೆನ್ಸ್ ಕೊಡೋನು ಕೆನ್ನೆ ನೋಡ್ತಾನಾ?"

ತೆಗೆದೆ. ಅವನ ಮುಖ ಅಷ್ಟು ಸಮಾಧಾನವಾಗಿದ್ದ ಫೋಟೋ ಬೇರೆ ಇಲ್ಲ. ಅವನು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಅದನ್ನೇ ದೊಡ್ಡದು ಮಾಡಿದೆ. ಆ ಉಬ್ಬನ್ನು ತೀಡಿ ತೆಗೆಯುವುದು ನನ್ನ ಕಸುಬಿಗೆ ಕಷ್ಟವಲ್ಲ. ಕುಂಚ ಎತ್ತಿಕೊಂಡೆ, ಇಟ್ಟೆ. ಬಾಯೊಳಗಿನದ್ದನ್ನು ಕಿತ್ತುಕೊಂಡ ಹಾಗಾಗುತ್ತದೆ ಎನ್ನಿಸಿತು.

ಅವನು ಹೋದ ಮೇಲೆ ದೊಡ್ಡಮ್ಮ ಕಪಾಟಿನ ಬೀಗದ ಕೈಯನ್ನು ಮಗ ಶಿವುವಿಗೆ ಕೊಟ್ಟುಬಿಟ್ಟಳು. ಹೋಟೆಲನ್ನು ಈಗ ನಡೆಸುವವನು ಅವನೇ. ಅವಳು ಒಂದು ತುತ್ತು ಗಂಜಿ ಉಣ್ಣುತ್ತಿದ್ದಳು, ಅದೂ ದಿನಕ್ಕೆ ಒಂದೇ ಹೊತ್ತು. ಹಣ್ಣು ಮುಟ್ಟಲಿಲ್ಲ, ಗೆಣಸು ಮುಟ್ಟಲಿಲ್ಲ, ಕಾಫಿಗೂ ಸಕ್ಕರೆ ಬಿಟ್ಟಳು. ಕೇಳಿದರೆ, "ಅವ್ರ ಬಾಯಿ ಕಟ್ಟಿ ಕಳಿಸ್ದೆ. ನನ್ ಬಾಯಿಗೆ ಎಂತಕೆ ರುಚಿ?" ಎನ್ನುತ್ತಿದ್ದಳು. ಊರೆಲ್ಲ ನಕ್ಕು ಮರೆತ ಮಾತನ್ನು ಅವಳೊಬ್ಬಳು ನಂಬಿಕೊಂಡಿದ್ದಳು. ಮಾತಿನಲ್ಲಿ ಗೆದ್ದವರು ಎದ್ದು ಹೋದರೆ, ಸೋತವರಿಗೆ ಮತ್ತೆ ವಾದ ಮಾಡುವ ಅವಕಾಶವೇ ಉಳಿಯುವುದಿಲ್ಲ.

ವರ್ಷ ತುಂಬಿದ ಮೇಲೆ ಮೊದಲ ಮಹಾಲಯ ಅಮಾವಾಸ್ಯೆ ಬಂತು. ಶಿವು ಫೋನು ಮಾಡಿದ. "ಲೋಕಣ್ಣ, ಅಪ್ಪನ ಫೋಟೋಕ್ಕೆ ಹೊಸ ಗಾಜು ಹಾಕಿಸ್ಕ್ಯಂಡು ಬಾ. ಅಮ್ಮ ಕರಗಿ ಕಡ್ಡಿ ಆಗ್ಯಾಳೆ. ಈ ಎಡೆ ಒಂದು ಸರಿಯಾಗಿ ಆದ್ರೆ ಸಾಕು."

ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಕ್ರಮ ಹೀಗೆ. ಒಂದು ಕೋಣೆ ತೊಳೆದು, ಫೋಟೋ ಇಟ್ಟು, ವಿಭೂತಿ ಹಚ್ಚಿ, ಬಾಳೆಲೆಯಲ್ಲಿ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಒಂದು ಲೋಟ ನೀರಿಟ್ಟು, ದೀಪ ಹಚ್ಚಿ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಅವರು ಉಂಡು ಮುಗಿಸುವಷ್ಟು ಹೊತ್ತು ಹೊರಗೆ ಸದ್ದಿಲ್ಲದೆ ಕೂರುವುದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಹೇಳದೆ ಒಳಗೆ ನುಗ್ಗಿದ ಹಾಗಾಗಬಾರದಲ್ಲ, ಮೆಲ್ಲಗೆ ತೆರೆಯುವುದು. ಮುಚ್ಚುವ ಮೊದಲು ಒಂದು ಎಚ್ಚರ ಇರಬೇಕು. ಬಾಗಿಲು ಹಾಕುವಾಗ ಕೋಣೆಯಲ್ಲಿ ಏನೇನು ಇರುತ್ತದೋ ಅದೆಲ್ಲ ಅವರದ್ದು. ನಡುವೆ ತೆರೆದು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಅಜ್ಜ ಹೀಗೇ ಒಮ್ಮೆ ಕನ್ನಡಕ ಒಳಗೆ ಬಿಟ್ಟು, ತೆರೆಯುವವರೆಗೆ ತನ್ನಪ್ಪ ಅದನ್ನು ಹಾಕಿಕೊಂಡು ತನ್ನನ್ನೇ ನೋಡುತ್ತಿದ್ದಾನೆ ಎಂದು ಬೆವರಿದ್ದನಂತೆ.

ನಾನು ಹೋದಾಗ ಹೋಟೆಲು ಮುಚ್ಚಿತ್ತು. ಬೆಂಚುಗಳನ್ನು ಮಗುಚಿ ಮೇಜಿನ ಮೇಲೆ ಇಟ್ಟಿದ್ದರು. ಯಾವಾಗಲೂ ಉರಿಯುವ ಒಲೆ ಆರಿತ್ತು. ಹೊರಗೆ ಚುರುಕು ಬಿಸಿಲು. ಹಾಗಿದ್ದೂ ಉಗ್ರಾಣದೊಳಗೆ ಕಾಲಿಟ್ಟರೆ ಪಾದಕ್ಕೆ ನೆಲ ತಣ್ಣಗೆ ಕಚ್ಚುತ್ತಿತ್ತು. ಮೇಲೆ ಒಂದೇ ಒಂದು ಗಾಜಿನ ಹೆಂಚು, ಅದರಿಂದ ಇಳಿದ ಬೆಳಕು ಸರಿಯಾಗಿ ಎಲೆಯ ಮೇಲೆ ಬಿದ್ದಿತ್ತು. ಎಲೆಯೋ, ಗಾಜಿನ ಕಪಾಟು ಮಗುಚಿದ ಹಾಗಿತ್ತು. ಜಿಲೇಬಿಯ ಗುಡ್ಡ, ಲಾಡು, ಮೈಸೂರುಪಾಕು, ಹೋಳಿಗೆ, ತುಪ್ಪ. ದೊಡ್ಡಮ್ಮ ಅವನಿಗೆ ಆರು ವರ್ಷ ಇಲ್ಲವೆಂದದ್ದೆಲ್ಲ ಒಂದೇ ಮಧ್ಯಾಹ್ನ ಬಡಿಸಿದ್ದಳು.

"ಇವತ್ತು ಅವ್ರು ಇದ್ರಲ್ಲಿ ಒಂದು ಮುಟ್ಟಿದ್ರೆ ನಾನೂ ತಿಂತೀನಿ ಲೋಕಿ," ಎಂದಳು ದೊಡ್ಡಮ್ಮ. ಸೆರಗಿನಿಂದ ಹೊರಗೆ ಕಂಡ ಕೈ ಬಳೆ ನಿಲ್ಲದಷ್ಟು ಬಡವಾಗಿತ್ತು. "ಮುಟ್ಟಲಿಲ್ಲ ಅಂದ್ರೆ ಸಿಟ್ಟು ಇನ್ನೂ ಹೋಗಿಲ್ಲ ಅಂತ. ಆಮೇಲೆ ನಂಗೆ ಯಾರೂ ತಿನ್ನು ಅನ್ಬಾರ್ದು."

ಎಡೆ ಮುಟ್ಟಿದ್ದು ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ಮನೆಯವರಿಗೆ ಗೊತ್ತಾಗುತ್ತದೆ. ಲೋಟದ ನೀರು ಕೂದಲಿನಷ್ಟು ಇಳಿದಿರುತ್ತದೆ, ಹೋಳಿಗೆಯ ಅಂಚು ಮುರಿದಿರುತ್ತದೆ, ಎಲೆ ಒಂದಿಷ್ಟು ತಿರುಗಿರುತ್ತದೆ. ನೋಡಬೇಕೆಂದು ನೋಡುವವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ಶಿವು ಅಷ್ಟಕ್ಕೂ ಬಿಡುವವನಲ್ಲ. ನನ್ನ ಕಿವಿಯಲ್ಲಿ, "ಬಾಗ್ಲು ತೆಗೆಯುವಾಗ ನಾನೇ ಮೊದ್ಲು ನುಗ್ತೀನಿ. ದೀಪ ನೋಡೋ ನೆವದಲ್ಲಿ ಒಂದು ಜಿಲೇಬಿ ಮುರಿದುಬಿಡ್ತೀನಿ. ಅಪ್ಪ ಬೈದ್ರೆ ಬೈಲಿ," ಎಂದ.

ಫೋಟೋವನ್ನು ಮೊಳೆಗೆ ಸಿಕ್ಕಿಸುವ ಕೆಲಸ ನನ್ನದು. ಎಲೆಯನ್ನು ದಾಟದೆ ಗೋಡೆಗೆ ಒರಗಿ ಕೈ ಎತ್ತಬೇಕಿತ್ತು. ಜೇಬಿನ ಪೊಟ್ಟಣ ಚೌಕಟ್ಟಿಗೆ ಅಡ್ಡ ಬರುತ್ತಿತ್ತು. ತೆಗೆದು ಪಕ್ಕದ ಅಕ್ಕಿ ಮೂಟೆಯ ಮೇಲೆ ಇಟ್ಟೆ. ಫೋಟೋ ಹಾಕಿದೆ, ಕೈ ಮುಗಿದೆ, ಹೊರಗೆ ಬಂದೆ. ದೊಡ್ಡಮ್ಮ ಬಾಗಿಲು ಎಳೆದುಕೊಂಡಳು.

ಅಡಿಗೆಮನೆಯ ನೆಲದಲ್ಲಿ ಮೂವರೂ ಕೂತೆವು. ಎಂದಿನ ಅಭ್ಯಾಸದಲ್ಲಿ ನನ್ನ ಕೈ ಜೇಬಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು.

"ಎಂತ ಆಯ್ತು?" ಎಂದ ಶಿವು, ಉಸಿರಲ್ಲೇ.

"ನನ್ನ ಬೇಳೆ ಪೊಟ್ಟಣ. ಒಳಗೇ ಉಳೀತು."

"ಹೋಯ್ತು ಬಿಡು. ಇನ್ನು ಅದು ಅಪ್ಪಂದು." ಅವನು ಬಾಯಿಗೆ ಟವೆಲು ಒತ್ತಿಕೊಂಡು ನಗು ತಡೆದ. "ಸತ್ತ ಮೇಲೂ ಬೆನ್ನು ಬಿಡ್ಲಿಲ್ವಲ್ಲೋ ಆ ಬೇಳೆ. ಪಾಪ ಅಪ್ಪ."

ದೊಡ್ಡಮ್ಮನಿಗೆ ಇದು ಕೇಳಿಸಿತು. ಅವಳ ಮುಖ ಒಣಗಿತು. "ಅಯ್ಯೋ ಲೋಕಿ. ಅದನ್ನ ಕಂಡ್ರೇ ಎದ್ದು ಹೋಗಿಬಿಡ್ತಾರೆ," ಎಂದಳು. ನನಗೆ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು.

ಹೋಟೆಲಿನ ಸದ್ದುಗಳಲ್ಲೇ ಬೆಳೆದ ಮನೆ ಅದು. ಲೋಟದ ಸದ್ದು, ಬಾಣಲೆಯ ಸದ್ದು, ಬಸ್ಸಿನ ಹಾರನ್ನು. ಅಂದು ಒಂದೂ ಇಲ್ಲ. ಬಿಸಿಲಿಗೆ ತಗಡು ಕಾಯುವ ಚಿಟಪಟವೂ ನಿಂತ ಹಾಗಿತ್ತು. ಹೋಟೆಲಿನ ಬೆಕ್ಕು ಕೆಂಚಿ ಎಲ್ಲಿಂದಲೋ ಬಂದು ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಕೂತಿತು.

ಟಕ್.

ಸಣ್ಣ ಸದ್ದು. ಒಣ ಸದ್ದು. ಶಿವು ನನ್ನನ್ನು ನೋಡಿದ, ನಾನು ಬಾಗಿಲನ್ನು ನೋಡಿದೆ. ಅದು ಬರುವ ಬಗೆ ನನಗೆ ಗೊತ್ತು, ನನ್ನ ದಿನದ ಅರ್ಧ ಆ ಸದ್ದಿನಲ್ಲಿ ಕಳೆಯುತ್ತದೆ. ಇದ್ದರೆ ಇನ್ನು ಬಹಳ ಹೊತ್ತು ಮೌನ ಇರಬೇಕು ಎಂದುಕೊಂಡೆ. ಇತ್ತು. ಹಲ್ಲು ಸಡಿಲಾದ ಮುದುಕನೊಬ್ಬ ಒಂದು ಬೇಳೆಯನ್ನು ಆಚೆಯಿಂದ ಈಚೆಗೆ ಹೊರಳಿಸಿ ಮೆತ್ತಗೆ ಮಾಡಿಕೊಳ್ಳುವಷ್ಟು ಹೊತ್ತು ಒಳಗೆ ಏನೂ ಕೇಳಲಿಲ್ಲ. ಆಮೇಲೆ ಮತ್ತೆ ಬಂತು.

ಟಕ್.

"ಇಲಿ," ಎಂದ ಶಿವು.

ಕೆಂಚಿ ಎದ್ದಿತು. ಇಲಿಯ ಸದ್ದಿಗೆ ಬೆಕ್ಕು ಹೇಗೆ ಮೈ ಕುಗ್ಗಿಸುತ್ತದೆ ಎಂಬುದನ್ನು ನೀವೆಲ್ಲ ನೋಡಿದ್ದೀರಿ. ಇದು ಬಾಲ ಎತ್ತಿ, ಬಾಗಿಲಿಗೆ ಬೆನ್ನು ಉಜ್ಜುತ್ತ ಆ ಕಡೆಯಿಂದ ಈ ಕಡೆಗೆ ನಡೆಯಿತು. ಗಲ್ಲಾದಲ್ಲಿ ಕೂರುತ್ತಿದ್ದ ಒಬ್ಬನ ಕಾಲಿಗೆ ಮಾತ್ರ ಅದು ಹಾಗೆ ಉಜ್ಜುತ್ತಿತ್ತು.

ದೊಡ್ಡಮ್ಮನ ಕಣ್ಣು ಬಾಗಿಲಿನ ಮೇಲೇ ಇತ್ತು. ಆಸೆ ಮತ್ತು ಹೆದರಿಕೆ ಎರಡೂ ಇದ್ದ ದನಿಯಲ್ಲಿ ನನ್ನನ್ನು ಕೇಳಿದಳು.

"ಜಿಲೇಬಿ ತಿಂದ್ರೆ ಹಂಗೆ ಸದ್ದು ಬರತ್ತನೋ ಲೋಕಿ?"

ನಾನು ತಿಂಡಿಗಳ ಸದ್ದಿನ ಬಗ್ಗೆ ಇಷ್ಟುದ್ದ ಬರೆಯಬಲ್ಲವನು. ಅಂದು ಬೆಕ್ಕಿನ ಕಡೆ ಮುಖ ತಿರುಗಿಸಿಕೊಂಡೆ.

ಇನ್ನೂ ಕೆಲವು ಸಲ ಬಂದು, ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ಶಿವು ಕೆಮ್ಮಿದ. ಬಾಗಿಲು ತಟ್ಟಿದ. ಆದರೆ ಒಳಗೆ ಮೊದಲು ನುಗ್ಗುತ್ತೇನೆ ಎಂದಿದ್ದವನ ಕಾಲು ಹೊಸ್ತಿಲಲ್ಲೇ ತಡೆಯಿತು. ದೊಡ್ಡಮ್ಮ ಅವನನ್ನು ಸರಿಸಿ ಒಳಗೆ ಹೋದಳು. ಅವಳ ಹಿಂದೆ ನಾನು, ನನ್ನ ಹಿಂದೆ ಶಿವು. ಧೈರ್ಯದ ಲೆಕ್ಕದಲ್ಲಿ ಅದೇ ಸರಿಯಾದ ಸಾಲು.

ದೀಪ ಉರಿಯುತ್ತಿತ್ತು. ಜಿಲೇಬಿಯ ಗುಡ್ಡ ಇಟ್ಟ ಹಾಗೇ ಇತ್ತು. ಲಾಡು ಒಂದೂ ಕದಲಿರಲಿಲ್ಲ. ಇರುವೆ ಕೂಡ ಬಂದಿರಲಿಲ್ಲ. ಉಗ್ರಾಣದಲ್ಲಿ ಅಷ್ಟು ಸಿಹಿ ಇಟ್ಟರೆ ಇರುವೆ ಬಾರದೆ ಇರುವುದನ್ನು ನಾನು ಎಂದೂ ನೋಡಿಲ್ಲ. ಅಕ್ಕಿ ಮೂಟೆಯ ಮೇಲೆ ನನ್ನ ಪೊಟ್ಟಣ ಬಿಚ್ಚಿಕೊಂಡಿತ್ತು. ಎಲೆಯ ಅಂಚಿನಲ್ಲಿ, ಗಾಜಿನ ಹೆಂಚಿನ ಬೆಳಕು ಮುಗಿಯುವ ಜಾಗದಲ್ಲಿ, ಬೇಳೆಯ ಬಿಳಿ ಸಿಪ್ಪೆಗಳು ಇದ್ದವು. ಒಂದರೊಳಗೆ ಒಂದು, ಒಂದರೊಳಗೆ ಒಂದು, ಸಣ್ಣ ದೊನ್ನೆಗಳ ಸಾಲು.

ಶಿವುವೇ ಮೊದಲು, "ಇಲಿಗೂ ಶುಗರ್ ಇರ್ಬೇಕು," ಎಂದ. ಹೇಳಿ ತಾನೇ ಹೆದರಿ ವಿಭೂತಿ ಹಚ್ಚಿಕೊಂಡ.

ದೊಡ್ಡಮ್ಮ ಎಲೆಯ ಮುಂದೆ ಕೂತುಬಿಟ್ಟಳು. "ಇದನ್ನೇ ಎಂತಕೆ ತಿಂದ್ರು?" ಎಂದು ಎಲೆಯನ್ನೇ ಕೇಳಿದಳು. "ಇಷ್ಟೆಲ್ಲ ಇಟ್ಟಿದ್ನಲ್ಲ. ಅಣಕಿಸ್ದೆ ಅಂತ ಸಿಟ್ಟಾ? ದನಕ್ಕೆ ಹಾಕೋದು ಅಂತಿದ್ರಲ್ಲ."

ಆಗ ನಾನು ತಲೆ ಎತ್ತಿ ಫೋಟೋ ನೋಡಿದೆ. ಹೊಸ ಗಾಜಿನ ಹಿಂದೆ ಅವನು ಎಡಗೆನ್ನೆ ಉಬ್ಬಿಸಿಕೊಂಡು ಸಮಾಧಾನವಾಗಿ ಕೂತಿದ್ದ.

"ದೊಡ್ಡಮ್ಮ, ಅವನ ಕೆನ್ನೆ ನೋಡು. ಅದೆಂತ ಗೊತ್ತಾ?"

"ಗೊತ್ತಿಲ್ದೇ ಎಂತ? ಆಗ ಹಲ್ಲು ನೋವಿಗೆ ಬಾತಿತ್ತು."

"ಯಾರು ಹೇಳಿದ್ದು?"

"ಅವ್ರೇ. ಫೋಟೋ ತಂದು ತೋರ್ಸಿದ್ರು. ಇದೆಂತ ಕೆನ್ನೆ ಅಂದೆ. ಹಲ್ಲು ನೋವು ಕಣೇ ಅಂದ್ರು. ಲವಂಗ ಅರ್ದು ಹಚ್ಚಿದ್ದೆ, ವಾರ ಪೂರ್ತಿ. ಸುಮ್ನೆ ಹಚ್ಚಿಸ್ಕ್ಯಂಡ್ರು."

ನಾನು ಸ್ಟುಡಿಯೋದಲ್ಲಿ ನಡೆದದ್ದನ್ನು ಹೇಳಿದೆ. ಉಗಿದು ಬಾ ಎಂದದ್ದು, ಈಗಷ್ಟೇ ಮೆತ್ತಗಾಗಿದೆ ಎಂದು ಅವನು ಉಗಿಯದೆ ಕೂತದ್ದು. ನಿನ್ನ ಬೇಳೆ ದೊಡ್ಡಮ್ಮ, ಲೈಸೆನ್ಸಿಗೂ ಅವನು ಅದನ್ನು ಉಗಿಯಲಿಲ್ಲ ಎಂದೆ. ಅವಳು ಕೇಳುತ್ತ ಕೇಳುತ್ತ ಫೋಟೋವನ್ನು ನೋಡಿದಳು. ಹೆಂಡತಿಯ ಬೇಳೆ ರುಚಿಯಾಗಿದೆ ಎಂದು ಒಪ್ಪಿಕೊಳ್ಳುವ ಬದಲು, ಇಲ್ಲದ ಹಲ್ಲು ನೋವಿಗೆ ವಾರವಿಡೀ ಲವಂಗ ಉರಿಸಿಕೊಂಡ ಗಂಡಸನ್ನು ನೋಡಿದಳು.

"ಕಳ್ಳ," ಎಂದಳು. ಅಷ್ಟೇ ಹೇಳಿದ್ದು. ಹೇಳಿದ ಮೇಲೆ ಸೆರಗು ಮುಖಕ್ಕೆ ಹೋಯಿತು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ಎಂದು ಶಿವು ನನ್ನನ್ನು ಕಣ್ಣಲ್ಲೇ ಕೇಳಿದ. ನನಗೂ ಗೊತ್ತಾಗಲಿಲ್ಲ.

ಮುಖದಿಂದ ಸೆರಗು ತೆಗೆದವಳು ಕೈ ಚಾಚಿದಳು. "ಅದ್ರಲ್ಲಿ ಇನ್ನೊಂದು ಇದ್ರೆ ಕೊಡು."

ಪೊಟ್ಟಣದಲ್ಲಿ ಉಳಿದಿದ್ದದ್ದು ಒಂದೇ. ಒಂದನ್ನಾದರೂ ಯಾರಿಗಾದರೂ ಕೊಟ್ಟು ತಿನ್ನು ಎಂದ ನೆಮ್ಮಾರಿನ ಅಜ್ಜಿಯ ಮಾತು ನೆನಪಾಯಿತು. ಕೊಟ್ಟೆ. ಅವಳು ಅದನ್ನು ಬಾಯಿಗಿಟ್ಟು ಅದುಮಿದಳು. ಟಕ್ ಎಂದಿತು. ವರ್ಷದಿಂದ ಆ ಬಾಯಲ್ಲಿ ಅಂಥ ಸದ್ದು ಬಂದಿರಲಿಲ್ಲ. ಸಿಪ್ಪೆಯನ್ನು ತೆಗೆದು, ಸ್ವಲ್ಪ ಹೊತ್ತು ಬೆರಳಲ್ಲಿ ಹಿಡಿದಿದ್ದು, ಆ ಸಾಲಿನ ಕೊನೆಯ ದೊನ್ನೆಯೊಳಗೆ ಮೆಲ್ಲಗೆ ಕೂರಿಸಿದಳು. ಸರಿಯಾಗಿ ಕೂತಿತು.

"ಉಪ್ಪು ಸ್ವಲ್ಪ ಹೆಚ್ಚಾಯ್ತು," ಎಂದಳು. "ನಿನ್ ಹೆಂಡ್ತಿಗೆ ಹೇಳು."

ಜಿಲೇಬಿಗಳನ್ನು ಸಂಜೆ ಬಸ್ಸು ಕಾಯುವವರಿಗೆ ಹಂಚಿದೆವು. ನಾನು ಹೊರಡುವಾಗ ದೊಡ್ಡಮ್ಮ ಒಂದು ಪೇರಲೆ ಹಣ್ಣನ್ನು ನಾಲ್ಕು ಹೋಳು ಮಾಡಿ ಒಂದು ಹೋಳನ್ನು ತಾನೇ ತಿನ್ನುತ್ತಿದ್ದಳು. ಕೊನೆಯದಾಗಿ ಉಗ್ರಾಣಕ್ಕೆ ಇಣುಕಿ ಫೋಟೋಗೆ ಕೈ ಮುಗಿದೆ. ಗಾಜಿನ ಹೆಂಚಿನಿಂದ ಬರುತ್ತಿದ್ದ ಬೆಳಕು ಅಡ್ಡವಾಗಿತ್ತು. ಆ ಬೆಳಕಿನಲ್ಲಿ ಅವನ ಎರಡು ಕೆನ್ನೆಗಳೂ ಒಂದೇ ಸಮ ಕಂಡವು. ಹೊಸ ಗಾಜು ಹೊಳೆಯುತ್ತದೆ, ಫೋಟೋ ತೆಗೆಯುವವನಿಗೆ ಅದು ಗೊತ್ತಿಲ್ಲದ್ದಲ್ಲ. ಹತ್ತಿರ ಹೋಗಿ ನೋಡಬಹುದಿತ್ತು. ಬಸ್ಸು ಬಂದುಬಿಟ್ಟೀತು ಎಂದು ಹೊರಟೆ.

ದಾರಿಯುದ್ದಕ್ಕೂ ನಾನು ನನ್ನ ಬಗ್ಗೆಯೇ ಯೋಚಿಸಿದೆ. ಸ್ಟುಡಿಯೋಗೆ ಬಂದವರೆದುರೆಲ್ಲ ನಾನು ಆಡುವ ಮಾತುಗಳು, ಹೆಂಡತಿ ಊಟದ ಬುತ್ತಿ ಕೊಡಲು ಬಂದಾಗ ಅವಳಿಗೆ ಕೇಳಿಸುವ ಹಾಗೆ ಆಡುವ ಮಾತುಗಳು. ಪಥ್ಯ ಎಂದು ಶುರುವಾದ ಬೇಳೆ ಇಷ್ಟವಾದದ್ದು ಯಾವಾಗ ಎಂಬುದು ನೆನಪಿಗೆ ಬರಲಿಲ್ಲ. ಈಚೆಗೆ ಪಕ್ಕದ ಬೇಕರಿಯ ತಟ್ಟೆ ಹೊರಗೆ ಬಂದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ನನ್ನ ಮರುಕದ ವ್ಯಾಪಾರ ನಿಲ್ಲುತ್ತದಲ್ಲ.

ಮನೆ ಸೇರಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಎಡೆ ಹೇಗಾಯಿತು ಎಂದು ಕೇಳಲು ಬಾಯಿ ತೆರೆದವಳು ಹಾಗೇ ನನ್ನ ಮುಖ ನೋಡಿದಳು.

"ಕೆನ್ನೆ ಎಂತಕೆ ಬಾತಿದೆ? ಹಲ್ಲು ನೋವಾ?"

ನಾಲಿಗೆ ಆಡಿಸಿ ನೋಡಿದೆ. ಎಡಗೆನ್ನೆಯಲ್ಲಿ ಒಂದು ಬೇಳೆ ಇತ್ತು. ಪೊಟ್ಟಣ ಮುತ್ತಿನಕೊಪ್ಪದಲ್ಲೇ ಖಾಲಿಯಾಗಿತ್ತು. ಇದನ್ನು ನಾನು ಎಲ್ಲಿ, ಯಾವಾಗ ಬಾಯಿಗೆ ಹಾಕಿಕೊಂಡೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಈಗಷ್ಟೇ ಮೆತ್ತಗಾಗಿತ್ತು.

"ಹಲ್ಲು ನೋವಲ್ಲ ಮಾರಾಯ್ತಿ," ಎಂದೆ. "ನಿನ್ನ ಬೇಳೆ. ಬಹಳ ಚೆನ್ನಾಗಿದೆ."